ಅಪ್ಪ ಫೋನಿನಲ್ಲಿ ಓದಿದ ರಿಪೋರ್ಟ್

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ವಾರ ನನಗೆ ಮನೆಯಿಂದ ಹೊರಗೆ ಕಾಲಿಡಲು ಬೇಸರ. ಗದಗಿನ ಒಂದು ಟ್ಯುಟೋರಿಯಲ್‌ನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಒಂದು ಕಾಲಕ್ಕೆ ಡಾಕ್ಟರ್ ಆಗಲೆಂದು ಫಿಲಿಪೈನ್ಸ್‌ಗೆ ಹೋಗಿ ಬಂದವಳು ಎಂಬುದು ಬೆಟಗೇರಿಯಿಂದ ಹಿಡಿದು ಹೊಂಬಳದವರೆಗೆ ಹೇಗೋ ಎಲ್ಲರಿಗೂ ಗೊತ್ತಾಗಿದೆ. ತಂದೆತಾಯಿಗಳು ಮಕ್ಕಳನ್ನು ಮುಂದಿಟ್ಟುಕೊಂಡು ಬರುತ್ತಾರೆ. ಯಾವ ದೇಶ ಒಳ್ಳೆಯದು, ಊಟ ಹೇಗೆ, ಹುಡುಗಿಯರ ಹಾಸ್ಟೆಲ್ ಬೇರೆ ಇದೆಯೇ ಎಂದು ಕೇಳುತ್ತಾರೆ. ನಾನು ಸಿಡುಕುತ್ತೇನೆ. "ಊಟದ ಚಿಂತೆ ಆಮ್ಯಾಲ ಮಾಡ್ರಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದೂ ಇದೆ. ಅವರು ಹೋದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಪಾಪ, ಅವರದೇನು ತಪ್ಪು? ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳಿದವನು ನನಗೆ ಗೊತ್ತಿರುವಂತೆ ನನ್ನ ಅಪ್ಪ ಒಬ್ಬನೇ. ಅವನಿಗೆ ನಾನು ಸುಳ್ಳು ಉತ್ತರ ಕೊಟ್ಟೆ. ಅದನ್ನು ಬರೆದುಬಿಡೋಣವೆಂದು ಕೂತಿದ್ದೇನೆ.

ನಮ್ಮದು ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿ. ಅಪ್ಪ ಒಕ್ಕಲುತನದವನು, ಏಳನೆಯ ಇಯತ್ತೆಯವರೆಗೆ ಕಲಿತವನು. ಶೇಂಗಾ, ಮೆಣಸಿನಕಾಯಿ, ಹತ್ತಿ ಬೆಳೆಯುತ್ತಿದ್ದ. ಬಾವಿಯಲ್ಲಿ ನೀರಿತ್ತು, ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು, ಕೊರತೆ ಎಂಬುದು ನಮಗೆ ಅಷ್ಟಾಗಿ ಗೊತ್ತಿರಲಿಲ್ಲ. ಗದಗ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷವಾಗಿದ್ದರೂ ಅವನಿಗೆ ಅದಿನ್ನೂ ಹೊಸ ಜಿಲ್ಲೆಯೇ. ಹೊಲದ ಒಂದು ಉತಾರ, ಒಂದು ಸಹಿಗೂ ಧಾರವಾಡಕ್ಕೆ ಎಡತಾಕಿದ ಕಾಲುಗಳು ಅವನವು. "ಈಗ ಎಲ್ಲಾ ಗದಗಿನ್ಯಾಗ ಆಗತೈತಿ, ನಮ್ಮ ಹುಡುಗಿ ಡಾಕ್ಟರಕಿ ಆಗೂದೊಂದ ಬಾಕಿ" ಎನ್ನುತ್ತಿದ್ದ. ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸುವುದು ನಮ್ಮ ಮನೆಯ ಚಾಳಿ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಲೇ ಅವ್ವ ನನ್ನನ್ನು ಕರೆಯುತ್ತಿದ್ದದ್ದು "ಡಾಕ್ಟರಬಾಯಿ" ಎಂದು.

ಗದಗಿನ ಹಾಸ್ಟೆಲಿನಲ್ಲಿ ಇದ್ದು ಪಿಯುಸಿ ಓದಿದೆ. ಅಲ್ಲಿ ಒಂದೇ ಕೋಣೆಯಲ್ಲಿದ್ದವಳು ನನ್ನ ಗೆಳತಿ, ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯೊಬ್ಬರ ಮಗಳು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ, ನನ್ನೊಡನೆ ಮಾತ್ರ ನನಗಿಂತ ಖಡಕ್ಕಾದ ಕನ್ನಡ. ಇಬ್ಬರಿಗೂ ಮಾರ್ಕು ಬಂತು, ಸೀಟು ಸಿಗುವಷ್ಟು ಬರಲಿಲ್ಲ. ಆ ಬೇಸಿಗೆಯಲ್ಲಿ ಗದಗಿನ ಹೋಟೆಲೊಂದರ ಹಾಲ್‌ನಲ್ಲಿ ವಿದೇಶದಲ್ಲಿ ವೈದ್ಯಕೀಯ ಓದುವ ಬಗ್ಗೆ ಸಭೆ ಇದೆ ಎಂದು ತಿಳಿದು ನಾವಿಬ್ಬರೂ ನಮ್ಮ ಅಪ್ಪಂದಿರ ಜೊತೆ ಹೋದೆವು.

ಟೈ ಕಟ್ಟಿದ ಒಬ್ಬ ಗೋಡೆಯ ಮೇಲೆ ಚಿತ್ರ ಬಿಡುತ್ತ ವಿವರಿಸಿದ. ಫಿಲಿಪೈನ್ಸ್‌ನಲ್ಲಿ ಪಿಯುಸಿ ಮುಗಿಸಿದವರನ್ನು ನೇರವಾಗಿ ಮೆಡಿಕಲ್ ಕಾಲೇಜಿಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಒಂದು ಪದವಿ ಓದಬೇಕು. ಆಮೇಲೆ ಪ್ರವೇಶ ಪರೀಕ್ಷೆ. ಅದರಲ್ಲಿ ಸಾಕಷ್ಟು ಅಂಕ ಬಂದರೆ ಮೆಡಿಕಲ್. ಮೊದಲ ಪದವಿ ಯಾವುದೆಂಬುದು ನಮ್ಮ ಆಯ್ಕೆ. "ಸೈಕಾಲಜಿ ಬರೆಸಿರಿ, ಬೇಗ ಮುಗಿಯುತ್ತದೆ, ಓದೂ ಹಗುರ. ಎಲ್ಲರೂ ಅದನ್ನೇ ಬರೆಸುತ್ತಾರೆ" ಎಂದ. ಎಲ್ಲರ ತಲೆಯೂ ಆಡಿತು. ಅಪ್ಪ ಎದ್ದು ನಿಂತ. ಜನರ ನಡುವೆ ಎದ್ದು ನಿಂತರೆ ಅವನ ಕೈ ತಾನಾಗಿಯೇ ಟೋಪಿಗೆ ಹೋಗುತ್ತಿತ್ತು.

"ಅಲ್ರಿ ಸಾಹೇಬ್ರ, ಮುಂದಿನ ಪರೀಕ್ಷಾದಾಗ ಆಗಲಿಲ್ಲಂದ್ರ ಆ ಮೊದಲಿನ ಡಿಗ್ರಿ ತಗೊಂಡು ಹುಡುಗಿ ಏನ ಮಾಡಬೇಕು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಟೈ ಕಟ್ಟಿದವನು, "ಯಜಮಾನರೇ, ಮೊದಲೇ ಅಪಶಕುನ ಯಾಕೆ?" ಎಂದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪನ ಅಂಗಿಯ ತುದಿ ಹಿಡಿದು ಕೂರಿಸಿದೆ.

ಅಪ್ಪ ಅಷ್ಟಕ್ಕೇ ಬಿಡುವವನಲ್ಲ. ಅವನಿಗೆ ಸಕ್ಕರೆ ಕಾಯಿಲೆ ಇತ್ತು, ತಿಂಗಳಿಗೋ ಎರಡು ತಿಂಗಳಿಗೋ ಮುಂಡರಗಿಗೆ ಹೋಗಿ ರಕ್ತ ತಪಾಸಣೆ ಮಾಡಿಸುತ್ತಿದ್ದ. ಅಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದವರೊಬ್ಬರು ಅವನಿಗೆ ಬಹಳ ಬೇಕಾದವರು. ಬಿತ್ತನೆ ಬೀಜದಿಂದ ಹಿಡಿದು ಬೀಗತನದವರೆಗೆ ಅವರನ್ನೇ ಕೇಳುತ್ತಿದ್ದ. ಮರುದಿನವೇ ಬಸ್ಸು ಹತ್ತಿ ಅವರ ಬಳಿ ಹೋಗಿ ಬಂದ. ನನ್ನ ಗೆಳತಿ ಆ ದಿನ ನಮ್ಮ ಮನೆಯಲ್ಲಿದ್ದಳು. ಪಡಸಾಲೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಪ್ಪ ಶುರು ಮಾಡಿದ.

"ನೋಡವಾ, ನಾವು ಶೇಂಗಾ ಹಾಕತೇವಿ. ಶೇಂಗಾ ಬರಲಿ ಅಂತನ ಹಾಕತೇವಿ. ಆದ್ರೂ ಎಂಟು ಸಾಲಿಗೆ ಒಂದು ಸಾಲು ತೊಗರಿ ಅಕ್ಕಡಿ ಹಾಕತೇವಿಲ್ಲೋ? ಶೇಂಗಾ ಬರಂಗಿಲ್ಲ ಅಂತಲ್ಲ. ಮಳಿ ನಮ್ಮ ಕೈಯಾಗ ಇಲ್ಲ ಅಂತ. ಲ್ಯಾಬಿನವರು ಹೇಳಿದ್ರು, ಅಲ್ಲಿ ರಕ್ತ ತಪಾಸಣಿ ಕಲಸೂ ಡಿಗ್ರಿ ಐತಂತ. ವರ್ಷ ಒಂದೀಟು ಹೆಚ್ಚ ಹಿಡೀತೈತಿ. ಹಿಡೀಲಿ. ಡಾಕ್ಟರಕಿ ಆದಿ, ಚಲೋ ಆತು. ಆಗಲಿಲ್ಲ, ಕೈಯಾಗ ಒಂದು ಕೆಲಸ ಇರತೈತಿ."

ಈಗ ಈ ಮಾತನ್ನು ಬರೆಯುವಾಗ ಇದಕ್ಕಿಂತ ತಿಳುವಳಿಕೆಯ ಮಾತು ನನ್ನ ಓದಿನ ವಿಷಯದಲ್ಲಿ ಯಾರೂ ಆಡಲಿಲ್ಲ ಎಂದು ಗೊತ್ತು. ಅವತ್ತು ಮಾತ್ರ ನನಗೆ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷದವಳು ನಾನು, ಅಪ್ಪ ನನ್ನನ್ನು ನಂಬಿಲ್ಲ ಎಂದಷ್ಟೇ ಕೇಳಿಸಿತು.

"ಅಂದ್ರ ನಾ ಪಾಸ್ ಆಗಂಗಿಲ್ಲ ಅಂತ ಈಗನ ತೊಗರಿ ಬಿತ್ತಾಕತ್ತೀಯೇನು?" ಎಂದೆ.

ಅವ್ವ ಒಳಗಿನಿಂದ, "ಅಪ್ಪಗ ಹಂಗ ಅನಬಾರದು" ಎಂದು ಗದರಿದಳು. ಅಪ್ಪ ಸಿಟ್ಟಾಗಲಿಲ್ಲ. "ನಿನ್ನ ಮ್ಯಾಲ ನಂಬಿಕಿ ಐತಿ, ಪರೀಕ್ಷಾದ ಮ್ಯಾಲ ಇಲ್ಲ" ಎಂದ. ನನ್ನ ಗೆಳತಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅಂಗಳದಲ್ಲಿ ಕೈ ತೊಳೆಯುವಾಗ, "ನಿಮ್ಮಪ್ಪ ಹೇಳೂದು ಖರೆ ಐತಿ ನೋಡಲೇ, ನಾ ಅಂತೂ ಲ್ಯಾಬಿಂದ ಬರಸ್ತೇನಿ" ಎಂದಳು.

ಅರ್ಜಿ ತುಂಬಿದ್ದು ಗದಗಿನ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಪಾಲಕರ ಒಪ್ಪಿಗೆ ಎಂಬಲ್ಲಿ ಅಪ್ಪ ಮೊದಲು ಸಹಿ ಮಾಡಿದ. ಒಂದೊಂದು ಅಕ್ಷರವನ್ನೂ ನಿಧಾನವಾಗಿ ಬರೆಯುವ ಅವನ ಸಹಿ ಮುಗಿಯುವ ಹೊತ್ತಿಗೆ ಒಂದು ಬಸ್ಸು ಬಂದು ಹೋಗಿತ್ತು. "ರಕ್ತದ್ದ ಬರದೀ, ಹೌದಿಲ್ಲೋ?" ಎಂದು ಕೇಳಿದ. ಕೋರ್ಸಿನ ಹೆಸರು ಬರೆಯುವ ಜಾಗ ಇನ್ನೂ ಖಾಲಿ ಇತ್ತು. "ಹೂಂ" ಎಂದೆ. ಅವನು ಬಿಸಿ ಮಿರ್ಚಿ ತರಲು ಹೋದ. ಹೋದವನ ಬೆನ್ನು ಜನರಲ್ಲಿ ಮರೆಯಾಗುವವರೆಗೆ ಕಾದು, ಆ ಖಾಲಿ ಜಾಗದಲ್ಲಿ ಸೈಕಾಲಜಿ ಎಂದು ಬರೆದೆ. ಡಾಕ್ಟರ್ ಆಗಿ ಬಂದ ಮೇಲೆ ಹೇಳಿದರಾಯಿತು, ಆಗ ಅಪ್ಪನೇ ನಗುತ್ತಾನೆ ಎಂದುಕೊಂಡಿದ್ದೆ. ಅವನು ತಂದ ಮಿರ್ಚಿ ಮೂರು ತಿಂದೆ.

ಫಿಲಿಪೈನ್ಸ್‌ಗೆ ಹೋಗಿ ಇಳಿದಾಗ ನನಗೂ ಗೆಳತಿಗೂ ಮತ್ತೆ ಒಂದೇ ಕೋಣೆ ಸಿಕ್ಕಿತು. ಬೆವರು ಆರದ ಊರು. ಮಳೆ ಬಂದರೆ ಬೀದಿಯೇ ಹಳ್ಳ. ಅನ್ನವನ್ನು ಎಣ್ಣೆ ಉಪ್ಪಿನಕಾಯಿಯಲ್ಲಿ ಕಲೆಸಿ ತಿಂದು ದಿನ ದೂಡಿದೆವು, ಅವ್ವ ಕಟ್ಟಿಕೊಟ್ಟ ಒಣ ಕಟಕ ರೊಟ್ಟಿ ತಿಂಗಳೊಳಗೆ ಮುಗಿದವು. ಗೆಳತಿ ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದಳು, ಕೋಣೆಗೆ ಬಂದು ತನ್ನ ಬೆರಳಿಗೆ ತಾನೇ ಸೂಜಿ ಚುಚ್ಚಿಕೊಂಡು ರೂಢಿ ಮಾಡುತ್ತಿದ್ದಳು. ನಾನು ನೆನಪು, ಕನಸು, ಭಯ ಇವುಗಳ ಬಗ್ಗೆ ದಪ್ಪ ಪುಸ್ತಕ ಓದುತ್ತಿದ್ದೆ. ಓದು ಹಗುರ ಎಂದವನು ಸುಳ್ಳು ಹೇಳಿರಲಿಲ್ಲ.

ಬೆಳ್ಳಟ್ಟಿಯಲ್ಲಿ ಅಪ್ಪ, "ನನ್ನ ಮಗಳು ರಕ್ತದ ಡಿಗ್ರಿ ಮಾಡಾಕತ್ತಾಳ, ಅದು ಮುಗದ ಮ್ಯಾಲ ಡಾಕ್ಟರಕಿ" ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ವಾರಕ್ಕೊಮ್ಮೆ ನಾನು ಫೋನು ಮಾಡಿದಾಗ ಮೊದಲ ಪ್ರಶ್ನೆ ಇದೇ: "ಈ ವಾರ ಏನ ಕಲಸಿದ್ರು?" ಗೆಳತಿಯ ಪುಸ್ತಕ ತೆರೆದಿಟ್ಟುಕೊಂಡು ಕೆಂಪು ಕಣ, ಬಿಳಿ ಕಣ ಎಂದು ಓದಿ ಹೇಳುತ್ತಿದ್ದೆ. ಅವನು "ಭೇಷ್" ಎನ್ನುತ್ತಿದ್ದ. ಗೆಳತಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ.

"ಹೇಳಿಬಿಡಲೇ. ನಿಮ್ಮಪ್ಪ ಏನ್ ಹೊಡಿಯೂ ಮನಶ್ಯಾ ಅಲ್ಲ. ಎಷ್ಟ ದಿನ ಹಿಂಗ?"

"ಮೆಡಿಕಲ್‌ಗೆ ಹೋದ ದಿನ ಹೇಳತೇನಿ."

ಒಂದು ಸುಳ್ಳು ಮುಚ್ಚಲು ಇನ್ನೊಂದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ದಿನ ಕಳೆದಂತೆ ಅಪ್ಪ ತನ್ನ ಕಾಯಿಲೆಯ ಮಾತನ್ನೂ ನನ್ನನ್ನೇ ಕೇಳಲು ಶುರು ಮಾಡಿದ. ಬರಿಹೊಟ್ಟೆಯಲ್ಲಿ ಸಕ್ಕರೆ ಎಷ್ಟಿರಬೇಕು, ಊಟವಾದ ಮೇಲೆ ಎಷ್ಟು. ಅಷ್ಟು ನನಗೆ ಗೊತ್ತಿತ್ತು. ನಾನು ಹೇಳಿದ್ದನ್ನು ಅವನು ಮುಂಡರಗಿಯ ಲ್ಯಾಬಿನವರಿಗೆ ಒಪ್ಪಿಸುತ್ತಿದ್ದ, ಅವರು ಸರಿ ಎಂದರೆ ಹಿಗ್ಗುತ್ತಿದ್ದ. ನನಗೂ ಒಳಗೊಳಗೆ ಖುಷಿಯೇ. ಸುಳ್ಳು ಹೇಳುತ್ತಿದ್ದೇನೆ ಎಂಬುದೇ ಮರೆತುಹೋಗುವಷ್ಟು ಖುಷಿ.

ಎರಡನೆಯ ವರ್ಷದ ಬೇಸಿಗೆ. ಒಂದು ಸಂಜೆ ನಾನು ಫೋನು ಮಾಡಿದಾಗ ಅವನು ಮುಂಡರಗಿಯಿಂದ ಆಗಷ್ಟೇ ಬಂದಿದ್ದ, ರಿಪೋರ್ಟ್ ಕೈಯಲ್ಲಿತ್ತು. ಚಿತ್ರ ತೆಗೆದು ಕಳಿಸುವಂಥ ಫೋನು ಅವನ ಬಳಿ ಇರಲಿಲ್ಲ. ಇಂಗ್ಲಿಷಿನ ಅಕ್ಷರಗಳು ಗೊತ್ತಿದ್ದವು, ಕೂಡಿಸಿ ಓದಲು ಬರುತ್ತಿರಲಿಲ್ಲ.

"ಮ್ಯಾಲಿನ ಎರಡೂ ಸಕ್ರೀವು. ಈ ಸಲ ಅವರು ಇನ್ನೊಂದು ಹೊಸಾದು ಮಾಡ್ಯಾರ ನೋಡು, ಮೂರನೇದ್ದು. ಸಿ, ಆರ್, ಇ, ಎ ಅಂತ ಸುರು ಆಗತೈತಿ. ಅದರ ಮುಂದ ಎರಡು ಚುಕ್ಕಿ ನಾಲ್ಕು ಅಂತ ಐತಿ. ಬಾಜೂಕ ಒಂದು ಚಿಕ್ಕಿ ಹಾಕ್ಯಾರ."

ಕ್ರಿಯಾಟಿನಿನ್, ಎರಡು ಪಾಯಿಂಟ್ ನಾಲ್ಕು, ಪಕ್ಕದಲ್ಲಿ ನಕ್ಷತ್ರದ ಗುರುತು. ಹೆಸರು ನನಗೆ ಗೊತ್ತಿತ್ತು. ಪಿಯುಸಿಯಲ್ಲಿ ಮೂತ್ರಪಿಂಡದ ಪಾಠದಲ್ಲಿ ಬಂದಿತ್ತು. ಎಷ್ಟಿದ್ದರೆ ಸರಿ, ಎಷ್ಟಾದರೆ ಕೆಟ್ಟದ್ದು ಎಂಬುದು ಗೊತ್ತಿರಲಿಲ್ಲ.

"ಲ್ಯಾಬಿನವರು ಏನಂದ್ರು?" ಎಂದೆ.

"ಡಾಕ್ಟರಿಗೆ ತೋರಸ್ರಿ, ಗದಗಿಗೆ ಹೋಗ್ರಿ ಅಂದ್ರು. ಮನ್ಯಾಗ ಡಾಕ್ಟರ್‌ನ ಇಟಗೊಂಡು ಗದಗಿಗೆ ಯಾಕ್ರಿ, ನನ್ನ ಮಗಳನ್ನ ಕೇಳತೇನಿ ಅಂದೆ."

ಗೆಳತಿ ಎದುರಿನ ಮಂಚದ ಮೇಲೆ ಕೂತು ರೆಕಾರ್ಡ್ ಬರೆಯುತ್ತಿದ್ದಳು. ಫೋನಿಗೆ ಕೈ ಅಡ್ಡ ಹಿಡಿದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಅವಳಿಗೆ ಅದು ಬಾಯಿಪಾಠ. ಕೇಳಿದರೆ ಅವಳು ಮತ್ತೆ, "ನೋಡಿದಿ? ಇದಕ್ಕ ಹೇಳಿದ್ದೆ" ಎನ್ನುತ್ತಾಳೆ. ಹಿಂದಿನ ದಿನವಷ್ಟೇ ಅದೇ ವಿಷಯಕ್ಕೆ ನಮಗೆ ಜಗಳವಾಗಿ ಮಾತು ಬಿಟ್ಟಿದ್ದೆವು. ನಾನು ಎದ್ದು ಬಾಲ್ಕನಿಗೆ ಹೋದೆ, ಅವಳಿಗೆ ಕೇಳಿಸದ ಹಾಗೆ.

"ಬ್ಯಾಸಿಗಿ ಐತಲ್ಲಪ್ಪಾ, ನೀರು ಕಡಿಮಿ ಕುಡದಿರಬೇಕು. ನೀರು ಹೆಚ್ಚಿಗಿ ಕುಡಿ, ಏನೂ ಆಗಂಗಿಲ್ಲ."

"ಮತ್ತ ಈ ಚಿಕ್ಕಿ?"

"ಅದು ಪ್ರಿಂಟ್‌ನ್ಯಾಗ ಹಂಗ ಬರತೈತಿ."

"ಆತು ಬಿಡವ್ವಾ, ನೀ ಅಂದಿ ಅಂದ್ರ ಮುಗೀತು" ಎಂದು ಅಪ್ಪ ನಿರಾಳವಾದ. ಅವ್ವನನ್ನು ಕರೆದು ಒಂದು ತಂಬಿಗೆ ನೀರು ತರಲು ಹೇಳಿದ್ದು ನನಗೆ ಫೋನಿನಲ್ಲಿ ಕೇಳಿಸಿತು. ಪುಸ್ತಕ ಕೋಣೆಯಲ್ಲೇ ಇತ್ತು, ಆಮೇಲಾದರೂ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಪ್ರವೇಶ ಪರೀಕ್ಷೆ ಹತ್ತಿರವಿತ್ತು, ಓದುವುದಿತ್ತು ಎಂದು ಬಹಳ ದಿನ ನನಗೆ ನಾನೇ ಸಬೂಬು ಹೇಳಿಕೊಂಡಿದ್ದೇನೆ. ಖರೆ ಹೇಳಬೇಕೆಂದರೆ, ನೋಡಿದರೆ ಏನು ಕಾಣುತ್ತದೋ ಎಂಬ ಹೆದರಿಕೆ.

ಪರೀಕ್ಷೆಯಲ್ಲಿ ಅಂಕ ಸಾಲಲಿಲ್ಲ. ಇನ್ನೊಮ್ಮೆ ಬರೆದೆ, ಮತ್ತೆ ಸಾಲಲಿಲ್ಲ. ಜೊತೆಗಿದ್ದ ಕೆಲವರು ಮುಂದೆ ಹೋದರು, ಕೆಲವರು ಬೇರೆ ದೇಶ ಹುಡುಕಿಕೊಂಡರು. ಮನೆಗೆ ಮಾತ್ರ, "ಫಲಿತಾಂಶ ತಡ ಐತಿ" ಎಂದು ಹೇಳುತ್ತ ಬಂದೆ. ಅಷ್ಟರಲ್ಲಿ ಅವ್ವನ ಫೋನು ಬಂತು. ಅಪ್ಪನ ಕಾಲು ಬಾತಿವೆ, ಮುಖ ಬಾತಿದೆ, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಮೂತ್ರಪಿಂಡ ಕೆಟ್ಟಿವೆ ಎಂದು ಗದಗಿನ ಆಸ್ಪತ್ರೆಗೆ ಸೇರಿಸಿದ್ದಾರೆ. "ನೀರು ಹೆಚ್ಚಿಗಿ ಕುಡೀರಿ ಅಂತ ನಾನ ತಂಬಿಗಿ ತಂಬಿಗಿ ಕೊಡತಿದ್ನವ್ವಾ, ಈಗ ನೋಡಿದ್ರ ಡಾಕ್ಟರು ನೀರು ಅಳದು ಕುಡಸ್ರಿ ಅಂತಾರ" ಎಂದು ಅತ್ತಳು. ನಾನು ಕೋಣೆಯಲ್ಲಿ ಗೆಳತಿಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಎರಡು ಚುಕ್ಕಿ ನಾಲ್ಕು ಅಂದಾಗ ನನ್ನ ಕೇಳಬೇಕಿತ್ತಲ್ಲೇ" ಎಂದು ಅಷ್ಟೇ ಅಂದು, ನನ್ನ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಅವಳೂ ಕೊನೆಗೆ ಡಾಕ್ಟರ್ ಆಗಲಿಲ್ಲ. ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಲ್ಯಾಬ್ ಅವಳ ಕೈಯಲ್ಲಿದೆ, ಸಿಕ್ಕಾಗಲೆಲ್ಲ ಇದು ನಿಮ್ಮಪ್ಪ ಹಾಕಿಸಿದ ಅಕ್ಕಡಿ ಎನ್ನುತ್ತಾಳೆ. ಅವಳು ಅದನ್ನು ಪ್ರೀತಿಯಿಂದಲೇ ಹೇಳುತ್ತಾಳೆ. ನನಗೆ ಕೇಳಲಾಗುವುದಿಲ್ಲ.

ಊರಿಗೆ ಬಂದೆ. ವಾರಕ್ಕೆ ಎರಡು ಸಲ ಬೆಳ್ಳಟ್ಟಿಯಿಂದ ಗದಗಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ನನ್ನ ಕೆಲಸವಾಯಿತು. ಅಪ್ಪ ಅಲ್ಲಿ ಪಕ್ಕದ ಮಂಚದಲ್ಲಿದ್ದ ಹರ್ತಿ ಊರಿನ ಮುದುಕನಿಗೆ, "ಮಗಳು ಓದು ಬಿಟ್ಟು ಬಂದಾಳ್ರಿ ನನ್ನ ಸಂಬಂಧ. ನಾ ಒಂದೀಟು ಸುಧಾರಿಸಿದೆ ಅಂದ್ರ ಮತ್ತ ಹೊಕ್ಕಾಳ" ಎಂದು ಹೇಳುತ್ತಿದ್ದ. ನಾನು ಗೋಡೆ ನೋಡುತ್ತಿದ್ದೆ. ಪರೀಕ್ಷೆಯಲ್ಲಿ ಸೋತದ್ದು, ಅರ್ಜಿಯಲ್ಲಿ ಬರೆದದ್ದು ಎರಡನ್ನೂ ಹೇಳಬೇಕೆಂದು ಬಸ್ಸಿನಲ್ಲಿ ಪ್ರತಿ ಸಲ ಗಟ್ಟಿಮನಸ್ಸು ಮಾಡುತ್ತಿದ್ದೆ. ಹೋಗುವಾಗ ಅವನು ಬಾತುಕೊಂಡು ಸುಸ್ತಾಗಿರುತ್ತಿದ್ದ, ಬರುವಾಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿರುತ್ತಿದ್ದ.

ಒಂದು ದಿನ ಮುಂಡರಗಿಯ ಲ್ಯಾಬಿನವರು ಅಪ್ಪನನ್ನು ನೋಡಲು ಮನೆಗೆ ಬಂದರು. ಅವ್ವ ಚಹಾ ಕೊಟ್ಟಳು. ಅವರು ಅಪ್ಪನ ಕೈ ಹಿಡಿದು ಸ್ವಲ್ಪ ಹೊತ್ತು ಕೂತರು, ಆಮೇಲೆ ನನ್ನ ಕಡೆ ತಿರುಗಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬಹಳ ದಿನ ತಡೆದುಕೊಂಡಿದ್ದ ಸಂಕಟವಿತ್ತು.

"ಅವತ್ತ ನಾ ಹೇಳಿದ್ನಿ ತಂಗಿ, ಗದಗಿಗೆ ಹೋಗ್ರಿ ಅಂತ. ಮುಂದಿನ ಸಲ ಬಂದಾಗನೂ ಹೇಳಿದ್ನಿ. ಮಗಳು ಏನೂ ಇಲ್ಲ ಅಂದಾಳ ಅಂದ್ರು. ಈ ಕೋರ್ಸಿನ್ಯಾಗ ಇದನ್ನ ಮೊದಲಿಗೇ ಕಲಸ್ತಾರ. ನಿಮಗ ಗೊತ್ತಾಗಲಿಲ್ಲೇನು?"

ಹೇಳುವ ಹೊತ್ತು ಇದೇ ಎಂದು ನನಗೆ ಗೊತ್ತಾಯಿತು. ನಾನು ಆ ಕೋರ್ಸ್ ಓದಿಲ್ಲ ಎಂಬ ನಾಲ್ಕು ಮಾತು, ಅಷ್ಟೇ. ಬಾಯಿ ತೆರೆಯುವುದರೊಳಗೆ ಅಪ್ಪ ಮಂಚದ ಮೇಲೆ ಮೊಣಕೈ ಊರಿ ಎದ್ದು ಕೂತ. ಎದ್ದು ಕೂರುವುದು ಅವನಿಗೆ ಆಗ ದೊಡ್ಡ ಕೆಲಸ.

"ಆಕಿಗೆ ಏನೂ ಅನಬ್ಯಾಡ್ರಿ" ಎಂದ. "ಅಲ್ಲಿ ಪದ್ಧತಿನ ಬ್ಯಾರೆ ಐತಿ. ಆ ಪಾಠ ಆಕಿಗೆ ಇನ್ನೂ ಬಂದಿರಲಿಲ್ಲ. ಹೌದಿಲ್ಲವ್ವಾ?"

ಮೂವರೂ ನನ್ನನ್ನು ನೋಡಿದರು.

"ಹೌದಪ್ಪಾ" ಎಂದೆ.

ಅಪ್ಪ ಆಮೇಲೆ ಒಂದು ಮಳೆಗಾಲ ಬದುಕಿದ್ದ. ಗದಗಿನಲ್ಲಿ ರಿಪೋರ್ಟ್ ಬಂದಾಗಲೆಲ್ಲ ಡಾಕ್ಟರಿಗೂ ಮೊದಲು ಅದನ್ನು ನನ್ನ ಕೈಗೇ ಕೊಡಿಸುತ್ತಿದ್ದ. ಅಷ್ಟು ಹೊತ್ತಿಗೆ ನಾನು ಎಲ್ಲವನ್ನೂ ಓದಿ ತಿಳಿದುಕೊಂಡಿದ್ದೆ, ಒಂದು ಸಾಲೂ ಅರ್ಥವಾಗದೆ ಉಳಿಯುತ್ತಿರಲಿಲ್ಲ. "ಹೆಂಗೈತಿ?" ಎಂದು ಕೇಳುತ್ತಿದ್ದ. "ಚಲೋ ಐತಪ್ಪಾ" ಎನ್ನುತ್ತಿದ್ದೆ. ಅವನು ನಂಬುತ್ತಿದ್ದ.